ಅತ್ತೆ ಪಾಸು ಮಾಡಿದ ಕಾರು

ದೇವರು ಈ ಭೂಮಿಯನ್ನು ಮಾಡಿ ಮುಗಿಸಿದ ಮೇಲೆ ಒಮ್ಮೆ ನೋಡಿಬಿಡಲಿ ಎಂದು ನಮ್ಮ ಸೋದರತ್ತೆಯ ಮೇಜಿನ ಮೇಲೆ ಇಟ್ಟಿದ್ದರೆ, ಇವತ್ತು ನಾವು ಯಾರೂ ಇರುತ್ತಿರಲಿಲ್ಲ. ಎರಡೂ ತುದಿಯಲ್ಲಿ ಚಪ್ಪಟೆಯಾಗಿದೆ, ಓರೆಯಾಗಿ ತಿರುಗುತ್ತಿದೆ, ಮುಕ್ಕಾಲು ಪಾಲು ಒದ್ದೆಯಾಗಿದೆ ಎಂದು ಕೆಂಪು ಚೀಟಿ ಅಂಟಿಸಿ ಬಂದ ದಾರಿಗೇ ವಾಪಸ್ ಕಳಿಸಿಬಿಡುತ್ತಿದ್ದಳು. ದೇವರಿಗೆ ಬೇಸರವಾಗುತ್ತಿತ್ತೇ? ಆಗಲಿ ಬಿಡಿ! ಅವಳಿಂದ ಬೇಸರಪಟ್ಟುಕೊಂಡವರ ಸಾಲು ಹೂಡಿಯಿಂದ ವರ್ತೂರಿನವರೆಗೆ ಇದೆ, ಅವನೂ ಹಿಂದೆ ನಿಂತುಕೊಳ್ಳುತ್ತಿದ್ದ.

ಅತ್ತೆ ಎಂದರೆ ನಮ್ಮ ಅಪ್ಪನ ಒಬ್ಬಳೇ ತಂಗಿ. ಹುಟ್ಟೂರು ದಾವಣಗೆರೆ. ಇರುವುದು ಹೂಡಿಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವಳು. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ಅವಳ ಉದ್ಯೋಗ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ. ಸಾಮಾನು ಕಳಿಸಿದವನು ಬಂದು ಕಣ್ಣೀರು ಹಾಕಿದರೂ ಕೆಂಪು ಚೀಟಿ. ದೊಡ್ಡ ಸಾಹೇಬರೇ ಕೆಳಗಿಳಿದು ಬಂದು ಇದೊಂದು ಸಲ ಬಿಟ್ಟುಬಿಡಿ ಮೇಡಂ ಎಂದರೆ, ಅವರ ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಹಾಕಿರುವುದನ್ನು ತೋರಿಸಿ, ಮೊದಲು ಅದನ್ನು ಸರಿ ಮಾಡಿಕೊಳ್ಳಿ ಎನ್ನುತ್ತಿದ್ದಳಂತೆ.

ಈ ಕೆಲಸ ಕಾರ್ಖಾನೆಯ ಗೇಟಿನೊಳಗೇ ಉಳಿದಿದ್ದರೆ ನಮಗೇನೂ ತಕರಾರಿರಲಿಲ್ಲ. ಅದು ಅವಳ ಜೊತೆ ಮನೆಗೂ ಬಂತು. ಹೂಡಿಯ ತರಕಾರಿ ಗಾಡಿಯವನು ಅತ್ತೆ ದೂರದಲ್ಲಿ ಕಂಡರೆ ಸಾಕು, ಬದನೆಕಾಯಿಯ ಮೇಲೆ ಗೋಣಿ ಎಳೆಯುತ್ತಾನೆ. ನಾನು ಮಾಡಿದ ಇಡ್ಲಿಯನ್ನು ಒಮ್ಮೆ ಅಂಗೈ ಮೇಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ಸುತ್ತ ತಿರುಗಿಸಿ ನೋಡಿದಳು. ಮತ್ತೆ ತಟ್ಟೆಗೇ ಇಟ್ಟಳು. ಅಂದಿನಿಂದ ನಾನು ಅವಳು ಬಂದಾಗ ಉಪ್ಪಿಟ್ಟು ಮಾಡುತ್ತೇನೆ. ಉಪ್ಪಿಟ್ಟಿಗೆ ಆಕಾರವಿಲ್ಲವಲ್ಲ!

ಮದುವೆಯ ವಿಷಯ ಕೇಳಬೇಡಿ. ಅವಳ ಕಾಲದಲ್ಲಿ ಹುಡುಗಿ ನೋಡಲು ಬಂದವರನ್ನೆಲ್ಲ ಇವಳೇ ನೋಡಿ ಕಳಿಸಿದಳು. ಒಬ್ಬ ಪಾಯಸವನ್ನು ಸೊರಸೊರ ಸದ್ದು ಮಾಡಿ ಕುಡಿದನೆಂದು ಬೇಡವಾದ. ಮುಂದಿನವನು ಸದ್ದೇ ಮಾಡದೆ ಕುಡಿದ. ಇಷ್ಟು ಹುಷಾರಾಗಿರುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವನೂ ಬೇಡವಾದ. ಆಮೇಲೆ ಅಜ್ಜಿ ಪಾಯಸ ಮಾಡುವುದನ್ನೇ ಬಿಟ್ಟಳು. ಅತ್ತೆ ಒಂಟಿಯಾಗಿ ಉಳಿದಳು, ಮತ್ತು ನನಗೆ ಗೊತ್ತಿರುವ ಎಷ್ಟೋ ಜೋಡಿಗಳಿಗಿಂತ ಗೆಲುವಾಗಿ ಉಳಿದಳು. ಇದನ್ನು ನಮ್ಮ ಮನೆಯವರನ್ನು ಬಿಟ್ಟು ಎಲ್ಲರೂ ಒಪ್ಪುತ್ತಾರೆ.

ಇಂಥ ಅತ್ತೆ ಕಳೆದ ದೀಪಾವಳಿಯ ಹೊತ್ತಿಗೆ ನಿವೃತ್ತಳಾದಳು. ಹಾರ ಹಾಕಿದರು, ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ಸ್ವಲ್ಪ ನಿಧಾನವೆಂದು ಅವಳು ಅಲ್ಲೇ ಹೇಳಿದಳು. ಎಲ್ಲ ಮುಗಿದು ಕಾರ್ಖಾನೆಯ ಬಸ್ಸು ಅವಳನ್ನು ಕೊನೆಯ ಸಲ ಹೂಡಿಯಲ್ಲಿ ಇಳಿಸಿ ಹೋಯಿತು. ಆ ಸಂಜೆಯೇ ದಾವಣಗೆರೆಯಿಂದ ಅಪ್ಪನ ಫೋನು. ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಅವರಿಗೆ ಮಾತಾಡುವುದು ಅಂದರೆ ಸುತ್ತೋಲೆ ಹೊರಡಿಸುವುದು. ಕೆಲಸ ಮುಗಿಯಿತಲ್ಲ, ಇನ್ನು ಆ ಊರಿನಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀ, ಆಸ್ಪತ್ರೆಗೆ ಹೋಗಬೇಕಾದರೂ ಯಾರನ್ನೋ ಕಾಯಬೇಕು, ಮಹಡಿಯ ಮೇಲಿನ ಕೋಣೆ ಖಾಲಿ ಇದೆ, ಬಣ್ಣ ಹೊಡೆಸುತ್ತೇನೆ, ಬಂದುಬಿಡು ಎಂದು ಅಪ್ಪಣೆಯಾಯಿತು. ಫೋನು ಸ್ಪೀಕರಿನಲ್ಲಿತ್ತು, ನಾನು ಪಕ್ಕದಲ್ಲಿದ್ದೆ.

“ನನ್ನ ಮನೆ ಇಲ್ಲೈತೆ ಅಣ್ಣಾ” ಎಂದಳು ಅತ್ತೆ. “ಯಾರನ್ನೂ ಕಾಯಲ್ಲ. ಕಾರು ತಗೊಂತೀನಿ, ನಾನೇ ಓಡಿಸ್ತೀನಿ.”

ಆ ಕಡೆಯಿಂದ ನಗು ಕೇಳಿಸಿತು. ಅಪ್ಪ ನಕ್ಕದ್ದರಲ್ಲಿ ತಪ್ಪೇನಿದೆ ಹೇಳಿ? ಅತ್ತೆಗೆ ಆಗ ಸೈಕಲ್ ತುಳಿಯಲೂ ಬರುತ್ತಿರಲಿಲ್ಲ. ನಗು ಮುಗಿಸಿ ಅಪ್ಪ ಹೇಳಿದರು, “ಯುಗಾದಿಗೆ ನೀನೇ ಕಾರು ಓಡಿಸ್ಕಂಡು ನಮ್ಮನೆ ಬಾಗ್ಲಿಗೆ ಬಾ. ಬಂದ್ರೆ ಇನ್ನ ಮ್ಯಾಲೆ ನಾನು ಬಾಯಿ ತೆಗೆಯಲ್ಲ. ಬರ್ಲಿಲ್ಲ ಅಂದ್ರೆ ಗಂಟು ಮೂಟೆ ಕಟ್ಟು.”

ಅತ್ತೆ ಆತು ಎಂದಳು. ಹೀಗೆ ಒಬ್ಬ ಹೆಂಗಸಿನ ಮನೆ, ಅಡಿಗೆ, ಹೊಸಿಲು, ಕಿಟಕಿಯಲ್ಲಿ ಕಾಣುವ ಹೂಡಿಯ ಆಕಾಶ, ಎಲ್ಲವೂ ಇನ್ನೂ ಆರಿಸದ ಒಂದು ಕಾರಿನ ಮೇಲೆ ನಿಂತುಬಿಟ್ಟವು. ಆರಿಸಬೇಕಾದವಳು ಯಾರು? ಜನ್ಮದಲ್ಲಿ ಒಂದು ಬದನೆಕಾಯಿಯನ್ನೂ ಮೊದಲ ಸಲಕ್ಕೆ ಒಪ್ಪದವಳು!

ನಾನು ವರ್ತೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ಭಾನುವಾರ ನಿದ್ದೆ ಮಾಡುವುದು ನನ್ನ ಏಕೈಕ ಹವ್ಯಾಸ. ನನಗೆ ಡ್ರೈವಿಂಗ್ ಲೈಸೆನ್ಸು ಇದೆ ಎಂಬ ಒಂದೇ ತಪ್ಪಿಗೆ ನನ್ನ ಭಾನುವಾರಗಳೆಲ್ಲ ಅತ್ತೆಯ ಪಾಲಾದವು. ನನ್ನ ಗಂಡ ತನಗೆ ಕಾರು ಎಂದರೆ ತಲೆಸುತ್ತು ಎಂದು ಮೊದಲ ವಾರವೇ ಘೋಷಿಸಿ ಮುಸುಕು ಹಾಕಿಕೊಂಡ. ಜಾಣ.

ಮೊದಲ ಶೋರೂಮಿನಲ್ಲಿ ಅತ್ತೆ ತನ್ನ ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಇಟ್ಟಳು. “ಸ್ಪೋರ್ಟಿಯಾಗಿರ್ಬೇಕು, ಆದ್ರೆ ಸಂಸಾರಸ್ಥರ ಕಾರಾಗಿರ್ಬೇಕು.”

ಟೈ ಕಟ್ಟಿದ ಸೇಲ್ಸ್‌ಮನ್ ಉತ್ಸಾಹದಿಂದ ಫ್ಯಾಮಿಲಿಯಲ್ಲಿ ಎಷ್ಟು ಜನ ಮೇಡಂ ಎಂದು ಕೇಳಿದ. ಅತ್ತೆ ಒಬ್ಬಳು ಎಂದಳು. ಅವನು ನನ್ನ ಕಡೆ ನೋಡಿದ. ಇವಳು ಗೆಸ್ಟು ಎಂದಳು. ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮೂಲೆಯಲ್ಲಿದ್ದ ಬೆಂಕಿಪೊಟ್ಟಣದಂಥ ಕಾರೊಂದನ್ನು ತೋರಿಸಿದ. ಅತ್ತೆ ಕನ್ನಡಕ ಇಳಿಸಿ ಅವನನ್ನು ನೋಡಿದಳು.

“ಒಬ್ಳಿದ್ರೆ ಸಂಸಾರ ಅಲ್ವೇನಪ್ಪಾ? ಹೊಸಿಲೈತೆ, ಒಲೆ ಐತೆ, ಹಬ್ಬ ಐತೆ. ಐದು ಸೀಟಿಂದು ತೋರ್ಸು.”

ಸಂಸಾರದ ಮಾತು ಸರಿ, ಸ್ಪೋರ್ಟಿ ಯಾಕೆ? ಅದನ್ನು ನಾನೇ ಕೇಳಿದೆ. ಕಾರಣ ಕಾರ್ಖಾನೆಯ ಬಸ್ಸು. ಅದರ ಡ್ರೈವರು ಬಹಳ ಸಾತ್ವಿಕ. ಇಡೀ ಸರ್ವೀಸಿನಲ್ಲಿ ಅವನು ಎದುರಿಗಿದ್ದ ಒಂದು ವಾಹನವನ್ನೂ ಹಿಂದೆ ಹಾಕಿದವನಲ್ಲ. ವೈಟ್‌ಫೀಲ್ಡಿನ ರಸ್ತೆಗಳನ್ನು ಕಂಡವರಿಗೆ ಗೊತ್ತು, ಅಲ್ಲಿ ಎಲ್ಲಿ ಹೋದರೂ ಮುಂದೆ ಒಂದು ನೀರಿನ ಟ್ಯಾಂಕರ್ ತೊಟ್ಟಿಕ್ಕುತ್ತಾ ಹೋಗುತ್ತಿರುತ್ತದೆ. ಅತ್ತೆ ತನ್ನ ಯೌವನವನ್ನೂ ನಡುವಯಸ್ಸನ್ನೂ ಟ್ಯಾಂಕರಿನ ಹಿಂಭಾಗ ನೋಡುತ್ತಲೇ ಕಳೆದಿದ್ದಳು. ಸಾಯುವುದರೊಳಗೆ ಒಂದು ಟ್ಯಾಂಕರಿನ ಮುಂಭಾಗ ನೋಡಬೇಕು ಎಂಬುದು ಅವಳ ಆಸೆ. ಕಾಶಿಗೆ ಹೋಗಬೇಕೆನ್ನುವವರ ನಡುವೆ ಇದೇನು ದೊಡ್ಡ ಆಸೆಯೇ ಹೇಳಿ?

ಇನ್ನು ಅವಳ ಪರೀಕ್ಷೆಗಳು. ಉಳಿದವರು ಕಾರು ನೋಡಲು ಹೋದರೆ ಬಣ್ಣ ನೋಡುತ್ತಾರೆ, ಮೈಲೇಜು ಕೇಳುತ್ತಾರೆ, ಟೈರಿಗೆ ಒಂದು ಒದೆ ಕೊಟ್ಟು ಗಂಭೀರವಾಗಿ ತಲೆಯಾಡಿಸುತ್ತಾರೆ. ಅತ್ತೆ ಕೈಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ ತೆಗೆದಳು. ಜೋಳದ ರೊಟ್ಟಿ, ಒಣಗಿಸಿ ಗರಿಗರಿ ಮಾಡಿದ್ದು, ಜೋರಾಗಿ ಉಸಿರು ಬಿಟ್ಟರೂ ಮುರಿಯುವಂಥದ್ದು. ಅದರ ಗಂಟನ್ನು ಡಿಕ್ಕಿಯಲ್ಲಿಟ್ಟು, ವರ್ತೂರು ಕೆರೆ ಕೋಡಿಯ ಗುಂಡಿಗಳ ಮೇಲೆ ಕಾರು ಓಡಿಸಿಕೊಂಡು ಬಾ ಎಂದು ನನಗೆ ಹೇಳುವಳು. ವಾಪಸ್ ಬಂದು ಗಂಟು ಬಿಚ್ಚುವುದು. ರೊಟ್ಟಿ ಮುರಿದಿದ್ದರೆ ಕಾರು ನಪಾಸು.

ಎಲ್ಲ ಕಾರಿನಲ್ಲೂ ರೊಟ್ಟಿ ಮುರಿಯಿತು. ಆ ರಸ್ತೆಯಲ್ಲಿ ಮನುಷ್ಯರ ಸೊಂಟವೇ ಉಳಿಯುವುದಿಲ್ಲ, ರೊಟ್ಟಿ ಉಳಿದೀತೇ? ಮುರಿದದ್ದನ್ನು ಎಸೆಯುವುದು ಪಾಪವಲ್ಲವೇ, ಅತ್ತೆ ಡಬ್ಬಿಯಿಂದ ಶೇಂಗಾ ಚಟ್ನಿಪುಡಿ, ಮೊಸರು ತೆಗೆದು ಸೇಲ್ಸ್‌ಮನ್ನನಿಗೂ ಬಡಿಸಿಬಿಡುತ್ತಿದ್ದಳು. ಕಾರು ಬೇಡವೆಂದು ಹೇಳಿಸಿಕೊಂಡೂ ಅವನು ಬೆರಳು ನೆಕ್ಕುತ್ತಾ ಥ್ಯಾಂಕ್ಸ್ ಹೇಳುತ್ತಿದ್ದ. ಕೆಲವು ದಿನಗಳ ಮೇಲೆ ನೋಡುತ್ತೇನೆ, ನಮಗೆ ಟೆಸ್ಟ್ ಡ್ರೈವ್ ಕೊಡುವ ಶೋರೂಮುಗಳೆಲ್ಲ ಮಧ್ಯಾಹ್ನ ಊಟದ ಹೊತ್ತನ್ನೇ ಗೊತ್ತು ಮಾಡುತ್ತಿವೆ!

ಕೆಂಪು ಚೀಟಿಯ ಪ್ರಸಂಗ ನಡೆದದ್ದು ಒಂದು ದೊಡ್ಡ ಶೋರೂಮಿನಲ್ಲಿ. ಅಲ್ಲಿ ನಡುಮಧ್ಯದ ವೇದಿಕೆಯ ಮೇಲೆ ಥಳಥಳ ಹೊಳೆಯುವ ಕಾರೊಂದು ಮದುಮಗನ ಹಾಗೆ ನಿಂತಿತ್ತು. ನಾನು ಫೋನಿನಲ್ಲಿದ್ದೆ. ಅತ್ತೆ ಕೈಚೀಲದಿಂದ ಬಾಗಿಲ ಸಂದು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿ ತೆಗೆದು ಮುಂದಿನ ಬಾಗಿಲಲ್ಲೂ ಹಿಂದಿನ ಬಾಗಿಲಲ್ಲೂ ತೂರಿಸಿ ನೋಡಿದಳಂತೆ. ಎರಡೂ ಸಂದು ಒಂದೇ ಸಮ ಇರಲಿಲ್ಲವಂತೆ. ಅಷ್ಟು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿಯೇ ಚೀಲಕ್ಕೆ ಹೋಗಿದೆ, ನಿವೃತ್ತಿಯ ದಿನ ನೆನಪಿಗೆಂದು ತಂದುಕೊಂಡಿದ್ದ ಕಟ್ಟಿನಿಂದ ಒಂದು ಕೆಂಪು ಚೀಟಿ ಹರಿದಿದೆ, ಗಾಜಿಗೆ ಅಂಟಿಸಿದೆ. ‘ರಿಜೆಕ್ಟೆಡ್’ ಎಂದು ಬೋರೆಹಣ್ಣಿನಷ್ಟು ದಪ್ಪ ಅಕ್ಷರ.

ನಾನು ತಿರುಗಿ ನೋಡುವ ಹೊತ್ತಿಗೆ, ಅದೇ ಕಾರು ಬುಕ್ ಮಾಡಲು ಬಂದಿದ್ದ ಒಂದು ಕುಟುಂಬ ಚೀಟಿ ಓದಿ, ಮಕ್ಕಳ ಕೈ ಹಿಡಿದುಕೊಂಡು ಹೊರಗೆ ಹೋಗುತ್ತಿತ್ತು. ಮ್ಯಾನೇಜರು ಓಡಿ ಬಂದ. ಬಂದವನು ಬೈಯಬೇಕು ತಾನೆ? ಅತ್ತೆಯ ಕನ್ನಡಕ, ಕೈಯಲ್ಲಿನ ಉಕ್ಕಿನ ಪಟ್ಟಿ, ಹುಬ್ಬು ಗಂಟಿಕ್ಕಿದ ರೀತಿ ನೋಡಿ ಅವನ ದನಿ ಇಳಿಯಿತು. ಮೇಡಂ ಕಂಪನಿಯಿಂದ ಬಂದಿದ್ದೀರಾ ಎಂದು ಮೆಲ್ಲಗೆ ಕೇಳಿದ. ಅತ್ತೆ ಅದಕ್ಕೆ ಉತ್ತರ ಕೊಡದೆ, ಇದನ್ನು ಇಲ್ಲಿ ಯಾಕೆ ಇಟ್ಟಿದ್ದೀರಿ, ನಪಾಸಾದದ್ದನ್ನು ಇಡಲು ಬೇರೆ ಜಾಗ ಇಲ್ಲವೇ ಎಂದು ಕೇಳಿದಳು. ಅಷ್ಟೇ! ಕುರ್ಚಿ ಬಂತು, ಕಾಫಿ ಬಂತು, ಗೋಡಂಬಿ ಬಿಸ್ಕತ್ತು ಬಂತು. ಇಬ್ಬರು ಹುಡುಗರು ಸೇರಿ ಮದುಮಗನನ್ನು ವೇದಿಕೆಯಿಂದ ಇಳಿಸಿ ಹಿತ್ತಲಿಗೆ ತಳ್ಳಿಕೊಂಡು ಹೋದರು. ಹೊರಗೆ ಬಂದ ಮೇಲೆ, ನಿಜ ಹೇಳಬಾರದಿತ್ತೇ ಎಂದು ನಾನು ಸಿಡುಕಿದೆ. ಸಂದು ಸಮ ಇರಲಿಲ್ಲ ಅನ್ನುವುದಕ್ಕಿಂತ ನಿಜ ಇನ್ನೇನಿದೆ ಎಂದಳು.

ಈ ನಡುವೆ ಡ್ರೈವಿಂಗ್ ಕಲಿಯುವ ಕೆಲಸವೂ ನಡೆದಿತ್ತು. ಹೂಡಿಯ ಡ್ರೈವಿಂಗ್ ಸ್ಕೂಲಿನ ಮಾಸ್ಟರು ಅನುಭವಸ್ಥರು. ಎಂಥೆಂಥವರಿಗೋ ಕಲಿಸಿದ್ದೇನೆ ಎಂದು ಮೊದಲ ದಿನ ಎದೆ ತಟ್ಟಿಕೊಂಡರು. ಎರಡನೆಯ ದಿನ ಕ್ಲಚ್ಚನ್ನು ಸ್ವಲ್ಪ ಸ್ವಲ್ಪ ಬಿಡಿ ಮೇಡಂ ಎಂದರು. ಸ್ವಲ್ಪ ಎಂದರೆ ಎಷ್ಟು ಎಂದು ಅತ್ತೆ ಕೇಳಿದಳು. ಸ್ವಲ್ಪ ಎಂದರೆ ಸ್ವಲ್ಪ ಎಂದರು. ಅದು ಅಳತೆಯಲ್ಲ ಎಂದಳು. ಕಾರು ಅರ್ಧ ಗಂಟೆ ಅಲ್ಲೇ ನಿಂತಿತ್ತು. ಕೊನೆಗೆ ಮಾಸ್ಟರು ಸೋತು ಕೆಳಗೆ ಬಗ್ಗಿ, ಹೆಬ್ಬೆರಳು ತೋರುಬೆರಳಿನ ನಡುವೆ ಅಳತೆ ತೋರಿಸಿದರು. ಅಂದಿನಿಂದ ಅವಳ ಕಾಲಿನ ಕೆಳಗೆ ಒಂದು ದಿನವೂ ಕಾರು ಆಫ್ ಆಗಲಿಲ್ಲ.

ಆದರೆ ಕಲಿಸುವ ಕಾರಿನಲ್ಲಿ ಮಾಸ್ಟರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ ನೋಡಿ. ತಾನು ಒತ್ತದೆಯೇ ಕಾರು ನಿಲ್ಲುತ್ತಿದೆ ಎಂದು ಅತ್ತೆ ಪತ್ತೆ ಹಚ್ಚಿದಳು. ನೀವು ಬ್ರೇಕ್ ಹಾಕಿದರೆ ಪಾಸಾಗುವುದು ನೀವು, ನಾನಲ್ಲ, ಕಾಲು ಮೇಲಿಟ್ಟುಕೊಳ್ಳಿ ಎಂದು ಆಜ್ಞಾಪಿಸಿದಳು. ಮಾಸ್ಟರು ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತರು. ಅಡ್ಡಪಲ್ಲಕ್ಕಿಯಲ್ಲಿ ಕೂತ ಸ್ವಾಮಿಗಳ ಹಾಗೆ ಅವರು ಹೂಡಿಯ ಬೀದಿಯಲ್ಲಿ ಸಾಗುವುದನ್ನು ನಾನೇ ಕಂಡಿದ್ದೇನೆ. ಬೇಕರಿ ಮುಂದೆ ನಿಂತಿದ್ದ ಮುದುಕರೊಬ್ಬರು ಕೈಯನ್ನೂ ಮುಗಿದರು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅತ್ತೆಗೆ ಮೊದಲ ಪ್ರಯತ್ನದಲ್ಲೇ ಲೈಸೆನ್ಸ್ ಸಿಕ್ಕಿತು. ಮಾಸ್ಟರು ಊರಿಗೆ ಹೋಗಿ ಹರಕೆ ತೀರಿಸಿ ಬಂದರಂತೆ.

ಲೈಸೆನ್ಸ್ ಬಂತು, ಕಾರು ಎಲ್ಲಿ? ಶಿವರಾತ್ರಿಯೂ ಬಂದು ಹೋಯಿತು. ಒಂದಕ್ಕೆ ಓಟವಿದೆ, ಡಿಕ್ಕಿ ಇಲ್ಲ. ಇನ್ನೊಂದಕ್ಕೆ ಸಿಲಿಂಡರು, ಅಕ್ಕಿ ಮೂಟೆ, ನೆಂಟರು ಎಲ್ಲ ಹಿಡಿಸುವಷ್ಟು ಜಾಗವಿದೆ, ಓಡು ಎಂದರೆ ಎಮ್ಮೆಯ ಹಾಗೆ ಹಿಂದಿರುಗಿ ನೋಡುತ್ತದೆ. ಮತ್ತೊಂದರಲ್ಲಿ ಎರಡೂ ಇದೆ, ಆದರೆ ಹಿಂದಿನ ಸೀಟಿನ ಹೊಲಿಗೆ ಒಂದು ಕಡೆ ಸೊಟ್ಟ. ಅತ್ತ ದಾವಣಗೆರೆಯಿಂದ ಅಪ್ಪ ಪ್ರತಿ ವಾರವೂ ಕೋಣೆಯ ವರದಿ ಕೊಡುತ್ತಿದ್ದರು. ಹಳೇ ಬಣ್ಣ ಕೆರೆಯುವುದು ಆಯಿತು, ಗೋಡೆಗೆ ಪುಟ್ಟಿ ಹಚ್ಚಿಯಾಯಿತು, ಮೊದಲನೇ ಕೋಟ್ ಆಯಿತು. ಅವರು ಎರಡನೇ ಕೋಟ್ ಎಂದ ದಿನ ನನಗೆ ತಡೆಯಲಾಗಲಿಲ್ಲ. ಅತ್ತೆಯ ಮನೆಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ನಿನಗೆ ಬೇಕಾಗಿರುವುದು ಕಾರಲ್ಲ, ಕಾರಿನಲ್ಲಿ ತಪ್ಪು; ಹೀಗೇ ಹುಡುಕುತ್ತಿರು, ಯುಗಾದಿಗೆ ದಾವಣಗೆರೆಯ ಕೋಣೆಯಲ್ಲಿ ಕೂತು ಗೋಡೆಯಲ್ಲೂ ತಪ್ಪು ಹುಡುಕುವೆಯಂತೆ ಎಂದೆ.

ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಸೋಫಾದ ಅಂಚಿಗೆ ಕೂತು ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡಳು.

“ಕೆಂಪು ಚೀಟಿ ಅಂಟ್ಸೋದು ಸುಲಭ ಕಣೇ. ಸಾಮಾನು ವಾಪಸ್ ಹೋಗ್ತದೆ, ನಮ್ಮ ಪಾಡಿಗೆ ನಾವು. ಹಸಿರು ಅಂಟ್ಸಿದ ಮ್ಯಾಲೆ ಅದು ಮಷೀನಿನೊಳಗೆ ಕೂತ್ಕಂತದೆ. ಆಮ್ಯಾಲೆ ಏನಾದ್ರೂ ನನ್ನ ಜವಾಬ್ದಾರಿ. ದಿನಾ ನಿದ್ದೆ ಮಾಡೋವಾಗ ಹಸಿರು ಅಂಟಿಸಿದ್ದೇ ನೆಪ್ಪಾಗ್ತಿತ್ತು.”

ನನಗೆ ಆಗ ತಿಳಿಯಿತು, ಈ ಗಟ್ಟಿಗಿತ್ತಿಗೂ ಹೆದರಿಕೆ ಎಂಬುದು ಒಂದಿದೆ. ಕಾರು ತಪ್ಪಾದರೆ ಎಂದಲ್ಲ. ಕಾರು ತಪ್ಪಾದರೆ, ಅಣ್ಣ ಹೇಳಿದ್ದೇ ಸರಿ ಎಂದಾಗುತ್ತದೆ, ಒಬ್ಬಳೇ ಇರಲು ನಿನ್ನ ಕೈಲಾಗದು ಎಂದಾಗುತ್ತದೆ. ನಡಿ, ನಾಳೆ ಇನ್ನೊಂದು ಉಳಿದಿದೆ, ನೋಡೋಣ ಎಂದೆ.

ಆ ಇನ್ನೊಂದು ಸರ್ಜಾಪುರ ರಸ್ತೆಯ ಶೋರೂಮಿನಲ್ಲಿತ್ತು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಮಾವಿನಹಣ್ಣಿನ ಬಣ್ಣ. ಹಿಂದೆ ಐದು ಜನರ ಹಬ್ಬದ ಸಾಮಾನು ಹಿಡಿಸುವಷ್ಟು ಡಿಕ್ಕಿ, ಮುಂದೆ ಟರ್ಬೊ ಎಂಜಿನ್. ಈಗ ಲೈಸೆನ್ಸ್ ಇತ್ತಲ್ಲ, ಅತ್ತೆಯೇ ಓಡಿಸಲು ಕೂತಳು. ನಾನು ಪಕ್ಕದಲ್ಲಿ, ಸೇಲ್ಸ್‌ಮನ್ ಹಿಂದೆ, ರೊಟ್ಟಿ ಡಿಕ್ಕಿಯಲ್ಲಿ. ಸರ್ಜಾಪುರದ ಕಡೆ ಸ್ವಲ್ಪ ದೂರ ಹೋಗಿದ್ದೆವು, ಮುಂದೆಯೇ ಸಿಕ್ಕಿತು ನೋಡಿ, ತೊಟ್ಟಿಕ್ಕುತ್ತಾ, ತೂಗಾಡುತ್ತಾ, ರಸ್ತೆ ತನ್ನ ಮಾವನ ಮನೆಯದ್ದು ಎಂಬ ಗತ್ತಿನಲ್ಲಿ, ನೀರಿನ ಟ್ಯಾಂಕರ್!

ಅತ್ತೆ ಕನ್ನಡಿ ನೋಡಿದಳು. ಇಂಡಿಕೇಟರ್ ಹಾಕಿದಳು. ಎದುರು ಖಾಲಿ ಇದೆಯೆಂದು ಎರಡೆರಡು ಸಲ ನೋಡಿದಳು. ಆಮೇಲೆ ಕಾಲು ಒತ್ತಿದಳು. ಎಂಜಿನ್ ಒಮ್ಮೆ ಗುರ್ ಎಂದಿತು, ನನ್ನ ತಲೆ ಸೀಟಿಗೆ ಅಂಟಿತು, ಸೇಲ್ಸ್‌ಮನ್ ತನ್ನ ಕುಲದೇವರ ಹೆಸರು ಹೇಳಿದ, ಕಣ್ಣು ಬಿಟ್ಟಾಗ ಟ್ಯಾಂಕರು ಹಿಂದಿತ್ತು. ಅತ್ತೆ ಕನ್ನಡಿಯಲ್ಲಿ ಅದರ ಮುಂಭಾಗವನ್ನು ಕಣ್ತುಂಬ ನೋಡಿದಳು. ಅದಕ್ಕೆ ಎರಡು ದೀಪ, ಒಂದು ಒಣಗಿದ ಮೆಣಸಿನಕಾಯಿ ಸರ ಇತ್ತು. ಅತ್ತೆಯ ಮುಖದಲ್ಲಿ ಇದ್ದ ಕಳೆಯನ್ನು ನಾನು ತೀರ್ಥಕ್ಷೇತ್ರಗಳಲ್ಲೂ ಕಂಡಿಲ್ಲ.

ಶೋರೂಮಿಗೆ ವಾಪಸ್ ಬಂದು ಡಿಕ್ಕಿ ತೆಗೆದು ಗಂಟು ಬಿಚ್ಚಿದೆವು. ಮೇಲಿನ ರೊಟ್ಟಿ ಎರಡು ಹೋಳಾಗಿತ್ತು. ಸೇಲ್ಸ್‌ಮನ್ ಮುಖ ಬಾಡಿತು, ನನ್ನದೂ ಬಾಡಿತು. ಅತ್ತೆ ಹೋಳನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು, ಅಂಚನ್ನು ಬೆರಳಿನಿಂದ ಸವರಿದಳು.

“ಇದು ಕಾರಿನ ತಪ್ಪಲ್ಲ” ಎಂದಳು. “ತಟ್ಟೋವಾಗ ನಾನೇ ಅಂಚು ತೆಳ್ಳಗೆ ಮಾಡಿದೀನಿ.”

ಆಮೇಲೆ ಹೋಳನ್ನು ಕಟಕಟ ತಿಂದುಬಿಟ್ಟಳು. ಅವಳ ಜೀವಮಾನದಲ್ಲಿ ಮಾಲನ್ನು ಬಿಟ್ಟು ಅಳತೆಗೋಲನ್ನು ದೂರಿದ್ದು ಅದೇ ಮೊದಲು!

ಕಾರು ಕೈಗೆ ಬಂದ ದಿನ ಪೂಜೆ. ಬಾನೆಟ್ಟಿಗೆ ವಿಭೂತಿ, ಕುಂಕುಮ, ಹೂವಿನ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಅತ್ತೆ ಭಕ್ತಿಯಿಂದ ಕೈಮುಗಿದು, ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಮುಂದೆ ತಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಸೀದಾ ಇಳಿದು ಹಿಂದೆ ಹೋಗಿ, ಸೀರೆ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು, ನಾಲ್ಕೂ ನಿಂಬೆಹಣ್ಣು ಒಂದೇ ಸಮ ಅಪ್ಪಚ್ಚಿಯಾಗಿವೆಯೇ ಎಂದು ಪರೀಕ್ಷಿಸಿದಳು. ಆಗಿದ್ದವು. ದೇವರು ದೊಡ್ಡವನು.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ಎಲ್ಲವನ್ನೂ ಅತ್ತೆ ಒಂದೇ ವೇಗದಲ್ಲಿ, ಗೆರೆ ಎಳೆದ ಹಾಗೆ, ಒಬ್ಬಳೇ ಓಡಿಸಿದಳು. ನಾನು ನಡುವೆ ಕೊಡು ಅಂದರೆ, ಷರತ್ತು ಇರುವುದು ನನಗೆ, ನಿನಗಲ್ಲ ಎಂದಳು. ಸಂಜೆ ಇನ್ನೂ ಬಿಸಿಲಿರುವಾಗಲೇ ದಾವಣಗೆರೆಯ ಮನೆಯ ಗೇಟಿನ ಮುಂದೆ ಮಾವಿನಹಣ್ಣಿನ ಬಣ್ಣದ ಕಾರು ನಿಂತಿತು. ಒಂದು ಹಾರ್ನ್ ಹೊಡೆದಳು. ಆ ಹಾರ್ನಿನಲ್ಲಿ ದೀಪಾವಳಿಯಿಂದ ಇಲ್ಲಿಯವರೆಗಿನ ಎಲ್ಲ ಉತ್ತರವೂ ಇತ್ತು.

ಅಪ್ಪ ಹೊರಗೆ ಬಂದರು. ಕಾರಿಗೆ ಒಂದು ಸುತ್ತು ಬಂದರು. ಟೈರಿಗೆ ಕೋಲಿನಿಂದ ಮೆಲ್ಲಗೆ ತಟ್ಟಿದರು. ಏನೂ ಅನ್ನಲಿಲ್ಲ. ಬಾಯಿ ತೆಗೆಯಲ್ಲ ಎಂದಿದ್ದರಲ್ಲ, ಮಾತಿಗೆ ತಪ್ಪುವವರಲ್ಲ ನಮ್ಮ ಹೆಡ್‌ಮಾಸ್ಟರು. ಆದರೆ ಉಳಿದ ವಿಷಯಕ್ಕೂ ಬಾಯಿ ತೆಗೆಯುವುದನ್ನು ನಿಲ್ಲಿಸಿಬಿಟ್ಟರು! ಹಬ್ಬದ ದಿನ ಬೇವು ಬೆಲ್ಲ ಕೊಟ್ಟರೆ ತಲೆಯಾಡಿಸಿದರು, ಹೋಳಿಗೆಗೆ ತುಪ್ಪ ಬೇಕೇ ಎಂದರೆ ಕೈಸನ್ನೆ ಮಾಡಿದರು. ಅಮ್ಮ ಒಬ್ಬಳೇ ಎಲ್ಲರ ಪಾಲಿನ ಮಾತನ್ನೂ ಆಡಿ ಸುಸ್ತಾದಳು. ಅತ್ತೆ ಗೆದ್ದಿದ್ದಳು, ಆದರೆ ಗೆದ್ದವರು ಅಷ್ಟು ಕಡಿಮೆ ಹೋಳಿಗೆ ತಿನ್ನುವುದಿಲ್ಲ.

ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಮಹಡಿ ಹತ್ತಿ ಆ ಕೋಣೆ ನೋಡಿಕೊಂಡು ಬಂದಳು. ಬಣ್ಣ ಗಿಳಿಹಸಿರು. ಆಳನ್ನು ಕರೆಯದೆ ಅಪ್ಪನೇ ಏಣಿ ಹಾಕಿಕೊಂಡು ಹೊಡೆದದ್ದು ಎಂದು ಅಮ್ಮ ಅಷ್ಟರಲ್ಲಿ ಹೇಳಿದ್ದಳು. ಹೇಗಿದೆ ಎಂದು ನಾನು ಕೇಳಿದೆ. ಒಂದು ಮೂಲೆಯಲ್ಲೂ ತಪ್ಪಿಲ್ಲ ಎಂದು ಹೇಳಿ, ಅತ್ತೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈಕಾಲು ತೊಳೆದುಕೊಂಡಳು.

ಮರುದಿನ ಸಂಜೆ ಚಂದ್ರನನ್ನು ನೋಡಿದೆವು. ಹಿರಿಯರಿಗೆ ನಮಸ್ಕಾರ ಮಾಡುವ ಹೊತ್ತಿನಲ್ಲಿ ಅತ್ತೆ ಅಣ್ಣನ ಕಾಲಿಗೆ ಬಿದ್ದಳು. ಅಪ್ಪ ತಲೆಯ ಮೇಲೆ ಕೈ ಇಟ್ಟರು. ಕೈಯನ್ನು ಬೇಗ ತೆಗೆಯಲಿಲ್ಲ. ಆಗಲೂ ಮಾತಿಲ್ಲ.

ಅದರ ಮಾರನೆಯ ಬೆಳಿಗ್ಗೆ ಹೊರಡುವಾಗ, ನಾವು ಚೀಲ ಹಿಡಿದುಕೊಂಡು ಕಾರಿನ ಹತ್ತಿರ ಬಂದರೆ, ಮುಂದಿನ ಸೀಟಿನಲ್ಲಿ ಅಪ್ಪ ಕೂತಿದ್ದಾರೆ. ಹಣೆಗೆ ವಿಭೂತಿ, ಒಗೆದ ಬಿಳಿ ಅಂಗಿ, ತೊಡೆಯ ಮೇಲೆ ಒಂದು ಕೈಚೀಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಾತ್ರೆ ಡಬ್ಬಿ, ನೀರಿನ ಬಾಟಲಿ. ಅತ್ತೆ ಕೀಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತುಬಿಟ್ಟಳು. ಎಲ್ಲಿಗೆ ಎಂದು ಕೇಳಿದಳು.

ಅಪ್ಪ ಎದುರಿನ ಗಾಜನ್ನೇ ನೋಡುತ್ತಾ ಹೇಳಿದರು, “ನಿನ್ನ ಮನೆಗೆ. ಇಷ್ಟು ವರ್ಷ ಇಲ್ಲಿಗೆ ಬಾ, ಇಲ್ಲಿಗೆ ಬಾ ಅಂತ ನಾನೇ ಕರ್ದೆ. ಅಣ್ಣಾ, ನಮ್ಮನೆಗೆ ಬಾ ಅಂತ ನೀನು ಒಂದಿನ ಕರೀಲಿಲ್ಲ.”

ನಿಜ. ಅಪ್ಪ ಬೆಂಗಳೂರಿಗೆ ಬಂದರೆ ವರ್ತೂರಿನ ನನ್ನ ಮನೆಗೆ ಬರುತ್ತಿದ್ದರು. ಅತ್ತೆ ಅಡಿಗೆ ಮಾಡಿ ಕ್ಯಾರಿಯರಿನಲ್ಲಿ ತುಂಬಿಕೊಂಡು ಅಲ್ಲಿಗೇ ಬಂದು ಅಣ್ಣನಿಗೆ ಬಡಿಸಿ ಹೋಗುತ್ತಿದ್ದಳು. ಹೂಡಿಗೆ ಅವರು ಒಮ್ಮೆಯೂ ಹೋದವರಲ್ಲ. ಅದು ಅಪ್ಪನ ಬಿಗುಮಾನ ಎಂದೇ ನಾನು ತಿಳಿದಿದ್ದೆ.

ಅತ್ತೆಯ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. “ಅಡಿಗೆಮನೆ ಕಪಾಟಿನ ಬಾಗ್ಲು ಇನ್ನೂ ಸರಿಯಾಗಿ ಕೂತಿಲ್ಲ ಅಣ್ಣಾ. ಹಾಲಿನಾಗೆ ಒಂದು ಟೈಲ್ಸ್ ಎತ್ತರ ಆಗೈತೆ. ಎಲ್ಲ ಸರಿ ಮಾಡ್ಸಿ ಆಮ್ಯಾಲೆ ಕರೀಬೇಕು ಅಂತಿದ್ದೆ. ಒಬ್ಳೇ ಇದ್ದು ಹಿಂಗಿಟ್ಕಂಡಿದಾಳೆ ಅಂತ ನಿನಗೆ ಅನ್ನಿಸಬಾರ್ದು ಅಂತ.”

ಜಗತ್ತನ್ನೆಲ್ಲ ನಪಾಸು ಮಾಡುತ್ತಾ ಬಂದವಳು ಇಷ್ಟು ವರ್ಷ ಒಬ್ಬನೇ ಒಬ್ಬನ ಕಣ್ಣಿನಲ್ಲಿ ಪಾಸಾಗಲು ತಯಾರಿ ಮಾಡಿಕೊಳ್ಳುತ್ತಿದ್ದಳು. ನನಗೆ ಅವಳ ಮೇಲೆ ಅವತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

“ನಾನೇನು ಕಪಾಟಿನ ಬಾಗ್ಲು ನೋಡಾಕೆ ಬರ್ತೀನೇನೇ?” ಎಂದರು ಅಪ್ಪ. “ನಿನ್ನ ಕೈಯಾಗೆ ನಿನ್ನ ಮನೆಯಾಗೆ ಒಂದು ತುತ್ತು ಉಂಡು ಬರ್ತೀನಿ. ಹತ್ತು, ಬಿಸ್ಲಾಗ್ತೈತೆ.”

ಅತ್ತೆ ಹತ್ತಿದಳು. ಪಕ್ಕಕ್ಕೆ ಬಗ್ಗಿ ಅಣ್ಣನಿಗೆ ಬೆಲ್ಟು ಹಾಕಿದಳು. ಗೇಟು ದಾಟುವಷ್ಟರಲ್ಲಿ ಕಾರು ಎರಡು ಸಲ ಆಫ್ ಆಯಿತು. ಮೂರನೇ ಸಲ ಹೊರಟು ಬೀದಿಗೆ ಬಂದ ಮೇಲೆ, ಮೋಡದ ಸುಳಿವೂ ಇಲ್ಲದ ಆ ಬಿಸಿಲಿನಲ್ಲಿ, ಎದುರಿನ ದಾರಿ ಮಸುಕಾಗಿದೆ ಎಂದು ಅತ್ತೆ ವೈಪರ್ ಹಾಕಿದಳು.